ತೊಗರಿಬೇಳೆಯ ಜೊತೆ ವಾಪಸ್ ಕಲಬುರಗಿಗೆ

ಮೂರು ವರ್ಷ ಕಮಲಾಪುರದ ಹತ್ತಿರದ ಹಳ್ಳಿಯಲ್ಲಿದ್ದು ಮತ್ತೆ ಕಲಬುರಗಿಗೆ ಹೊರಟಾಗ ನನ್ನ ಹತ್ತಿರ ಇದ್ದದ್ದು ಎರಡು ಬ್ಯಾಗು, ಒಂದು ಚೀಲ ತೊಗರಿಬೇಳೆ. ಬೇಳೆ ಅತ್ತೆ ಕೊಟ್ಟದ್ದು. ಮನೆ ಹೊಲದ ತೊಗರಿ, ಬೀಸುಕಲ್ಲಿನಲ್ಲಿ ಒಡೆದದ್ದು. ಬೇಡ ಅನ್ನುವಷ್ಟರಲ್ಲಿ ಬಾಯಿ ಕಟ್ಟಿಯಾಗಿತ್ತು.

ಬೀದರಿನಿಂದ ಬಂದ ಬಸ್ಸು. ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಝೀರೋ ಟಿಕೆಟ್ ಹರಿದು ಕೊಟ್ಟ. ಆಮೇಲೆ ಚೀಲ ನೋಡಿದ.

“ಅಕ್ಕೋರೆ, ನಿಮಗ ಫ್ರೀ ಅದ. ಬ್ಯಾಳಿಗಿ ಇಲ್ರಿ.”

ಕೊಟ್ಟೆ. ಏನು ಮಾಡೋದು.

ಜನವರಿ ತಿಂಗಳು. ಕಮಲಾಪುರದ ಕೆಂಪು ಬಾಳೆಹಣ್ಣಿನ ಗಾಡಿಗಳು ಹಿಂದೆ ಸರಿದವು. ಆಮೇಲೆ ಬರೀ ಕೊಯ್ದ ತೊಗರಿ ಹೊಲಗಳು. ಅರ್ಧ ದಾರಿಯಲ್ಲಿ ನನ್ನ ಚಪ್ಪಲಿಯೊಳಗೆ ಏನೋ ಸರಸರ ಅಂದಿತು. ಚೀಲದ ಮೂಲೆಯಲ್ಲಿ ಇಲಿ ಕಡಿದ ತೂತು! ಬ್ರೇಕ್ ಹಾಕಿದಾಗಲೆಲ್ಲ ಹಳದಿ ಬೇಳೆ ಒಂದು ಗೆರೆಯಾಗಿ ಡ್ರೈವರ್ ಕಡೆ ಓಡುತ್ತಿತ್ತು. ರುಮಾಲಿನ ಮುದುಕರೊಬ್ಬರು ಎದ್ದು ನಿಂತು, “ಏಯ್, ಬ್ಯಾಳಿ ತುಳಿಬ್ಯಾಡ್ರೋ” ಎಂದು ಕೂಗಿದರು. ಕಾಲುಗಳು ಮೇಲಾದವು. ಕಾಲೇಜು ಹುಡುಗಿಯೊಬ್ಬಳು ನೋಟ್‌ಬುಕ್ಕಿನ ರಟ್ಟಿನಿಂದ ಗುಡಿಸಿ ಗುಡಿಸಿ ನನ್ನ ಸೆರಗಿಗೆ ಹಾಕಿದಳು. ಬೇಳೆ, ಮಣ್ಣು, ಯಾರದೋ ಶೇಂಗಾ ಸಿಪ್ಪೆ, ಎಲ್ಲ ಸೇರಿ ಬಂತು. ಲಗೇಜ್ ದುಡ್ಡು ತಗೊಂಡ ಕಂಡಕ್ಟರೇ ತೂತಿಗೆ ಪೇಪರ್ ತುರುಕಿದ.

ಕಲಬುರಗಿಯೊಳಗಿನ ಹುಮನಾಬಾದ್ ಬೇಸ್ ಹತ್ತಿರ ಬಸ್ಸು ನಿಂತೇ ಬಿಟ್ಟಿತು. ನೆಹರು ಗಂಜ್ ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರ್‌ಗಳು ಅಡ್ಡ. ಎಲ್ಲದರ ಮೇಲೂ ತೊಗರಿ ಮೂಟೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದಾಗ ನಾನು ಇಲ್ಲೇ ಇದ್ದೆ, ಕ್ಯಾರೇ ಅಂದಿರಲಿಲ್ಲ. ಆಗೆಲ್ಲ ಈ ಜಾಮ್‌ನಲ್ಲಿ ಸಿಕ್ಕಿಕೊಂಡರೆ ರೈತರನ್ನು ಮನಸ್ಸಿನಲ್ಲೇ ಬೈಯುತ್ತಿದ್ದವಳು ನಾನು. ಈಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಟ್ರ್ಯಾಕ್ಟರ್ ಹುಡುಗನನ್ನು ಕೇಳುತ್ತಿದ್ದೆ: “ತಮ್ಮಾ, ಕ್ವಿಂಟಲ್‌ಗೆ ಎಷ್ಟು ಹಿಡದಾರೋ?”

ಅವನು ಹೇಳಿದ ರೇಟಿಗೆ ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ “ಥೂ” ಅಂದರು.

ಬಾಡಿಗೆ ಮನೆ ಮೂರನೇ ಮಹಡಿ. ಸಂಜೆ ಸಾಮಾನು ಬಿಚ್ಚದೆ ಕೋಟೆಗೆ ಹೋದೆ. 1367ರ ಜಾಮಾ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಚಾವಣಿ. ಕಮಾನಿನ ಹಿಂದೆ ಕಮಾನು, ತಣ್ಣಗಿನ ಕತ್ತಲು. ಹೊರಗಿನ ಹಾರ್ನು ಅಲ್ಲಿಗೆ ಅಷ್ಟಾಗಿ ಬರಲ್ಲ. ಬಹಮನಿಗಳು ಇಷ್ಟೆಲ್ಲ ಕಟ್ಟಿ, 1420ರ ದಶಕದಲ್ಲಿ ರಾಜಧಾನಿಯನ್ನೇ ಬೀದರಿಗೆ ಎತ್ತಿಕೊಂಡು ಹೋದರು. ಅವರೂ ಏನೇನು ಸೋರಿಸಿಕೊಂಡು ಹೋದರೋ.

ರಾತ್ರಿ ನಿದ್ದೆ ಬರಲಿಲ್ಲ. ಹಳ್ಳಿಯಲ್ಲಿ ಒಂಬತ್ತಕ್ಕೆ ದೀಪ ಆರುತ್ತಿತ್ತು. ಇಲ್ಲಿ ಒಂಬತ್ತಕ್ಕೆ ಎದುರುಗಡೆ ಮಿರ್ಚಿ ಭಜಿ ಎಣ್ಣೆಗೆ ಬೀಳುತ್ತದೆ. ನಾಲ್ಕೂವರೆಗೆ ಮಾತ್ರ ತಾನೇ ಎಚ್ಚರ. ಕರೆಯಲು ಕೋಳಿ ಇಲ್ಲ, ಗುಡಿಸಲು ಅಂಗಳ ಇಲ್ಲ. ಮೆಟ್ಟಿಲ ಮೇಲೆ ಕೂತು ಬಸ್ಸಿನ ಬೇಳೆಯನ್ನು ಮೊರಕ್ಕೆ ಸುರಿದು ಕೇರತೊಡಗಿದೆ.

ಕೆಳಗಿನ ಮನೆಯ ಲೈಟ್ ಹತ್ತಿತು.

“ಯಾರ್ರೀ ಅದು, ಇಷ್ಟೊತ್ತಿನಾಗ?”