ಆಲ್ ಟೆರೇನ್ ಟೈರ್ ಆರಿಸುವಾಗ ಬಟನ್ ಕೊನೆಗೆ ನೋಡಿ

ಆಲ್ ಟೆರೇನ್ ಟೈರ್ (ಎ.ಟಿ., ರಸ್ತೆಗೂ ಕಚ್ಚಾ ದಾರಿಗೂ ಆಗುವ ಟೈರ್) ತಗೊಳ್ಳಲು ಹೊರಟವರು ಮೊದಲು ನೋಡುವುದು ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಉಬ್ಬುಗಳು. ಎಷ್ಟು ದಪ್ಪ ಇದೆ, ಎಷ್ಟು ಒರಟಾಗಿದೆ, ಗಾಡಿಗೆ ಹಾಕಿದರೆ ಹೇಗೆ ಕಾಣುತ್ತದೆ ಅಂತ. ಚೆನ್ನಾಗಿ ಕಾಣಬೇಕು ಅನ್ನುವುದರಲ್ಲಿ ತಪ್ಪೇನೂ ಇಲ್ಲ, ನನಗೂ ಅದು ಇಷ್ಟ. ಆದರೆ ಎರಡು ಎ.ಟಿ. ಟೈರ್ ಪಕ್ಕಪಕ್ಕ ಇಟ್ಟರೆ ಅವುಗಳ ನಿಜವಾದ ವ್ಯತ್ಯಾಸ ಬಟನ್‌ನಲ್ಲಿ ಸಿಗುವುದು ಕಮ್ಮಿ. ಅದು ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಮೇಲಿನ ಸಣ್ಣ ಅಕ್ಷರಗಳಲ್ಲಿದೆ, ಒಳಗೆ ಕಣ್ಣಿಗೆ ಕಾಣದ ಪದರಗಳಲ್ಲಿದೆ. ಅದನ್ನು ಓದಲು ಕಲಿತರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಗಾಡಿ ಓಡುವುದು ಎಲ್ಲಿ? ಓಡಿಸಬೇಕು ಅಂತ ಆಸೆ ಇರುವ ಜಾಗ ಅಲ್ಲ, ಈಗ ನಿಜವಾಗಿ ಓಡುತ್ತಿರುವ ಜಾಗ. ಹೆಚ್ಚೂಕಮ್ಮಿ ಪೂರ್ತಿ ಡಾಂಬರು ರಸ್ತೆ, ಯಾವಾಗಲೋ ಒಮ್ಮೆ ಗಟ್ಟಿ ಮಣ್ಣಿನ ದಾರಿ ಅಂತಾದರೆ ಹೈವೇ ಟೈರೇ ಸಾಕು. ಅದು ಹಗುರ, ಸದ್ದು ಕಮ್ಮಿ, ಮಳೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಮೊಣಕಾಲುದ್ದ ಕೆಸರಲ್ಲೇ ದಿನ ಕಳೆಯುವ ಗಾಡಿಗೆ ಮಡ್ ಟೈರ್ ಬೇಕು, ಯಾಕೆಂದರೆ ಅಂಟುಮಣ್ಣು ಎ.ಟಿ. ಟೈರಿನ ಸಂದಿಗಳಲ್ಲಿ ತುಂಬಿಕೊಂಡು ಬಿಡುತ್ತದೆ, ಆಮೇಲೆ ಎಷ್ಟು ಒಳ್ಳೆ ಬಟನ್ ಇದ್ದರೂ ಅದು ಬೋಳು ಟೈರಿನ ಹಾಗೇ ಜಾರುತ್ತದೆ. ಮಡ್ ಟೈರಿನ ಸಂದಿಗಳು ಅಗಲ, ಚಕ್ರ ತಿರುಗುವಾಗ ಮಣ್ಣನ್ನು ಹೊರಗೆ ಎಸೆಯುತ್ತವೆ. ಇವೆರಡರ ನಡುವೆ ಇರುವವರಿಗೆ, ಅಂದರೆ ವಾರವೆಲ್ಲ ರಸ್ತೆ, ಆಗಾಗ ಜಲ್ಲಿ, ಕಲ್ಲು, ಮರಳು, ಹಳ್ಳ ದಾಟುವವರಿಗೆ ಎ.ಟಿ. ಸರಿಯಾದ ಟೈರ್.

ಈಗ ಸೈಡ್‌ವಾಲ್‌ಗೆ ಬರೋಣ. 265/65 ಆರ್ 17 ಅಂತ ಬರೆದಿದ್ದರೆ ಟೈರಿನ ಅಗಲ 265 ಮಿ.ಮೀ., ಸೈಡ್‌ವಾಲ್ ಎತ್ತರ ಆ ಅಗಲದ ಶೇ. 65, ಒಳಗಿನ ಡಿಸ್ಕ್, ಅಂದರೆ ಟೈರ್ ಕೂರುವ ಲೋಹದ ರಿಮ್, 17 ಇಂಚು. ಆರ್ ಅಂದರೆ ರೇಡಿಯಲ್, ಒಳಗಿನ ಪದರಗಳ ಕಟ್ಟಿನ ಬಗೆ. ಇದರ ಪಕ್ಕದಲ್ಲೇ 112 ಎಸ್ ಅಂತಲೋ 121/118 ಎಸ್ ಅಂತಲೋ ಇರುತ್ತದೆ. ಜನ ಇದನ್ನು ಓದುವುದೇ ಇಲ್ಲ, ಆದರೆ ಇದೇ ಮುಖ್ಯ. 112 ಅಂದರೆ ಒಂದು ಟೈರ್ 1120 ಕೆ.ಜಿ. ಹೊರುತ್ತದೆ, 116 ಅಂದರೆ 1250, 121 ಅಂದರೆ 1450. 121/118 ಹಾಗೆ ಎರಡು ಸಂಖ್ಯೆ ಇದ್ದರೆ ಎರಡನೆಯದು ಒಂದೇ ಕಡೆ ಜೋಡಿ ಚಕ್ರ ಹಾಕುವ ಗಾಡಿಗಳಿಗೆ. ಕೊನೆಯ ಅಕ್ಷರ ವೇಗದ ಮಿತಿ: ಕ್ಯೂ ಅಂದರೆ ಗಂಟೆಗೆ 160 ಕಿ.ಮೀ., ಎಸ್ ಅಂದರೆ 180, ಟಿ ಅಂದರೆ 190. ಗಾಡಿ ಕಂಪನಿ ಕೊಟ್ಟ ಟೈರಿನ ಲೋಡ್ ಅಂಕಿಗಿಂತ ಕೆಳಗೆ ಯಾವತ್ತೂ ಇಳಿಯಬೇಡಿ. ರೂಫ್ ರ್‍ಯಾಕ್, ಕಬ್ಬಿಣದ ಬಂಪರ್, ನೀರಿನ ಕ್ಯಾನು, ಇನ್ನೊಂದು ಬ್ಯಾಟರಿ ಅಂತ ಸೇರಿಸುತ್ತಾ ಹೋದರೆ ಭಾರ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಸಾಮಾನು ತುಂಬಿದ ಗಾಡಿಯನ್ನು ಒಂದು ಸಲ ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ.

ಸೈಜ್ ಅಂಕಿಗೆ ಮೊದಲು ಎಲ್‌ಟಿ ಅಂತ ಇದೆಯಾ ಇಲ್ಲವಾ? ನನ್ನ ಪ್ರಕಾರ ಆಯ್ಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ. ಎಲ್‌ಟಿ ಅಂದರೆ ಲೈಟ್ ಟ್ರಕ್. ಒಂದೇ ಕಂಪನಿಯ ಒಂದೇ ಹೆಸರಿನ ಟೈರ್, ಒಂದೇ ಬಟನ್, ಆದರೆ ಒಂದು ಮಾಮೂಲಿ ಕಟ್ಟಿನದು, ಇನ್ನೊಂದು ಎಲ್‌ಟಿ ಕಟ್ಟಿನದು ಅಂತ ಎರಡು ಬಗೆಯಲ್ಲಿ ಬರುವುದುಂಟು. ಹೊರಗಿನಿಂದ ನೋಡಿದರೆ ಅವಳಿ ಜವಳಿ, ಒಳಗೆ ಬೇರೆಯೇ. ಎಲ್‌ಟಿ ಟೈರಿನಲ್ಲಿ ಪದರಗಳು ಗಟ್ಟಿ, ಸೈಡ್‌ವಾಲ್ ದಪ್ಪ, ಬಟನ್ ಆಳವೂ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಲೋಡ್ ರೇಂಜ್ ಸಿ, ಡಿ, ಇ ಅಂತ ಬರೆದಿರುತ್ತಾರೆ, ಅಂದರೆ 6, 8, 10 ಪ್ಲೈ ರೇಟಿಂಗ್. ಇ ರೇಂಜ್ ಟೈರಿನಲ್ಲಿ ನಿಜವಾಗಿ ಹತ್ತು ಪದರ ಇರುವುದಿಲ್ಲ, ಹಳೆಯ ಕಾಲದ ಹತ್ತು ಹತ್ತಿ ಪದರದಷ್ಟು ಗಟ್ಟಿ ಅಂತ ಅಷ್ಟೇ ಅರ್ಥ.

ಗಟ್ಟಿ ಅಂದ ತಕ್ಷಣ ಒಳ್ಳೆಯದು ಅಂತ ಅಂದುಕೊಳ್ಳುವುದು ಬೇಡ. ಎಲ್‌ಟಿ ಟೈರ್ ಭಾರ, ಒಂದೊಂದಕ್ಕೂ ನಾಲ್ಕೈದು ಕೆ.ಜಿ. ಜಾಸ್ತಿ ಆಗುವುದು ಮಾಮೂಲು. ಆ ತೂಕ ಸ್ಪ್ರಿಂಗ್‌ನ ಕೆಳಗೆ, ಅದೂ ತಿರುಗುವ ಜಾಗದಲ್ಲಿ ಸೇರುತ್ತದೆ. ಹಾಗಾಗಿ ಗಾಡಿ ಎದ್ದು ಓಡುವುದು ನಿಧಾನ, ನಿಲ್ಲಿಸುವಾಗ ಬ್ರೇಕ್‌ಗೆ ಕೆಲಸ ಜಾಸ್ತಿ, ಗುಂಡಿ ಹಾರಿಸಿದಾಗ ಕುಲುಕಾಟ ಜಾಸ್ತಿ, ಪೆಟ್ರೋಲು ಡೀಸೆಲೂ ಜಾಸ್ತಿ ಕುಡಿಯುತ್ತದೆ. ಇನ್ನೊಂದು ವಿಷಯ ಗಾಳಿಯದು. ಮಾಮೂಲಿ ಟೈರ್ 35 ಪಿಎಸ್‌ಐ ಸುಮಾರಿನಲ್ಲಿ ತನ್ನ ಪೂರ್ತಿ ಭಾರ ಹೊರುತ್ತದೆ. ಲೋಡ್ ರೇಂಜ್ ಇ ಟೈರ್ ತನ್ನ ಪೂರ್ತಿ ಭಾರ ಹೊರಬೇಕಾದರೆ 80 ಪಿಎಸ್‌ಐ ಬೇಕು. ನೀವು ಅಷ್ಟು ಗಾಳಿ ತುಂಬಿಸುವುದಿಲ್ಲ, ತುಂಬಿಸಬೇಕಾಗಿಯೂ ಇಲ್ಲ. ಆದರೆ ಡೋರ್ ಹತ್ತಿರ ಅಂಟಿಸಿರುವ ಚೀಟಿಯ ಗಾಳಿಯನ್ನೇ ಎಲ್‌ಟಿ ಟೈರ್‌ಗೂ ಹಾಕಿದರೆ ಅದು ಹಳೆ ಟೈರಿನಷ್ಟು ಭಾರ ಹೊರುವುದಿಲ್ಲ, ಸೈಡ್‌ವಾಲ್ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ. ಟೈರ್ ಕಂಪನಿಗಳು ಎಷ್ಟು ಗಾಳಿಗೆ ಎಷ್ಟು ಭಾರ ಅನ್ನುವ ಪಟ್ಟಿ ಕೊಡುತ್ತವೆ. ಹಳೆ ಟೈರ್ ಚೀಟಿಯ ಗಾಳಿಯಲ್ಲಿ ಎಷ್ಟು ಹೊರುತ್ತಿತ್ತು ಅಂತ ನೋಡಿ, ಹೊಸದು ಅಷ್ಟೇ ಹೊರಲು ಎಷ್ಟು ಗಾಳಿ ಬೇಕು ಅಂತ ಆ ಪಟ್ಟಿಯಲ್ಲಿ ಹುಡುಕಿ. ಐದು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಹಾಗಾದರೆ ಎಲ್‌ಟಿ ಯಾರಿಗೆ? ಚೂಪು ಕಲ್ಲಿನ ದಾರಿಯಲ್ಲಿ ಹೋಗುವವರಿಗೆ, ಭಾರ ತುಂಬಿಕೊಂಡು ದೂರ ಹೋಗುವವರಿಗೆ, ಸಹಾಯ ಸಿಗದ ಜಾಗಗಳಿಗೆ ಹೋಗುವವರಿಗೆ. ಇಲ್ಲಿ ಸೈಡ್‌ವಾಲ್ ಯಾಕೆ ಇಷ್ಟು ಮುಖ್ಯ ಅಂದರೆ, ಬಟನ್ ಜಾಗದಲ್ಲಿ ಮೊಳೆ ಹೊಕ್ಕರೆ ಪಂಕ್ಚರ್ ಹಾಕಬಹುದು, ದಾರಿಯಲ್ಲೇ ಪ್ಲಗ್ ತುರುಕಿ ಮುಂದೆ ಹೋಗಬಹುದು. ಸೈಡ್‌ವಾಲ್ ಸೀಳಿದರೆ ಆ ಟೈರಿನ ಕತೆ ಮುಗಿದ ಹಾಗೆ. ಓಡುವಾಗ ಬಗ್ಗುವ ಭಾಗ ಅದೇ, ಅಲ್ಲಿ ಹಾಕಿದ ಯಾವ ತೇಪೆಯನ್ನೂ ನಂಬುವಂತಿಲ್ಲ. ಅದಕ್ಕೇ ಸೈಡ್‌ವಾಲ್‌ನಲ್ಲಿ ಎಷ್ಟು ಪದರ ಅಂತ ಕೇಳಿ, ಟೈರ್ ಮೇಲೇ ಅಚ್ಚಾಗಿರುತ್ತದೆ: ಟ್ರೆಡ್‌ಗೆ (ಬಟನ್ ಇರುವ ಭಾಗಕ್ಕೆ) ಇಷ್ಟು, ಸೈಡ್‌ವಾಲ್‌ಗೆ ಇಷ್ಟು ಅಂತ. ಎರಡು ಪಾಲಿಯೆಸ್ಟರ್ ಪದರ ಇರುವುದು ಹೆಚ್ಚು, ಕೆಲವದರಲ್ಲಿ ಮೂರು ಇರುತ್ತದೆ. ಹಗುರ ಗಾಡಿ, ಜಲ್ಲಿ ರಸ್ತೆ, ಮರಳು ಇಷ್ಟೇ ಇದ್ದರೆ ಮಾಮೂಲಿ ಕಟ್ಟಿನ ಎ.ಟಿ. ಧಾರಾಳವಾಗಿ ಸಾಕು, ಓಡಿಸಲೂ ಹಿತ. ಇವೆರಡರ ನಡುವೆ ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಅಂತ ಇನ್ನೊಂದು ಬಗೆ ಇದೆ, ಅದೂ ಮಾಮೂಲಿ ಕಟ್ಟೇ, ಸ್ವಲ್ಪ ಜಾಸ್ತಿ ಗಾಳಿ ಹಿಡಿದು ಸ್ವಲ್ಪ ಜಾಸ್ತಿ ಭಾರ ಹೊರುತ್ತದೆ.

ಇಷ್ಟಾದ ಮೇಲೆ ಬಟನ್ ನೋಡಿ. ನೋಡುವಾಗ ಕಣ್ಣು ಹೋಗಬೇಕಾದದ್ದು ಸೈಪ್‌ಗಳ ಮೇಲೆ, ಅಂದರೆ ಒಂದೊಂದು ಬಟನ್ ಮೇಲೂ ಬ್ಲೇಡಿನಿಂದ ಕೊಯ್ದ ಹಾಗಿರುವ ಸಣ್ಣ ಗೀರುಗಳ ಮೇಲೆ. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದರಲ್ಲಿ ಅವುಗಳ ಪಾಲು ದೊಡ್ಡದು. ಬಟನ್ ದೊಡ್ಡದಾಗಿದ್ದು ಸೈಪ್ ಇಲ್ಲದಿದ್ದರೆ ಮಳೆಯಲ್ಲಿ ಭಯ. ಗೀರುಗಳು ಎಷ್ಟು ಆಳಕ್ಕೆ ಹೋಗಿವೆ ಅಂತಲೂ ನೋಡಿ. ಕೆಲವು ಟೈರ್‌ಗಳಲ್ಲಿ ಅವು ಮೇಲುಮೇಲೆ ಮಾತ್ರ ಇರುತ್ತವೆ, ಅರ್ಧ ಸವೆಯುವ ಹೊತ್ತಿಗೆ ಮಾಯ. ಎ.ಟಿ. ಟೈರಿನ ರಬ್ಬರ್ ಕಲ್ಲಿಗೆ ಕಿತ್ತುಹೋಗದಿರಲಿ ಅಂತ ಸಾಮಾನ್ಯವಾಗಿ ಗಟ್ಟಿಯಾಗಿ ಮಾಡುತ್ತಾರೆ, ಆ ಕಾರಣಕ್ಕೇ ಒದ್ದೆ ಡಾಂಬರಿನ ಮೇಲೆ ಹೈವೇ ಟೈರಿಗಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಹಾಕಿಸಿದ ಮೇಲೆ ಮುಂದಿನ ಗಾಡಿಗೂ ನಿಮಗೂ ಅಂತರ ಜಾಸ್ತಿ ಇಟ್ಟುಕೊಳ್ಳಿ.

ಹಿಮ ಬೀಳುವ ಕಡೆ ಓಡಿಸುವವರಿಗೆ ಒಂದು ವಿಷಯ. ಎಂ ಪ್ಲಸ್ ಎಸ್ (M+S, ಅಂದರೆ ಕೆಸರು ಮತ್ತು ಹಿಮ) ಅನ್ನುವ ಗುರುತು ಹೆಚ್ಚುಕಮ್ಮಿ ಎಲ್ಲ ಎ.ಟಿ. ಟೈರ್ ಮೇಲೂ ಇರುತ್ತದೆ, ಅದು ಬಟನ್‌ನ ವಿನ್ಯಾಸ ನೋಡಿ ಕಂಪನಿಯೇ ಹಾಕಿಕೊಳ್ಳುವ ಗುರುತು. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಚಿತ್ರ ಇದ್ದರೆ ಹಿಮದ ಮೇಲೆ ನಿಜವಾಗಿ ಓಡಿಸಿ ಪರೀಕ್ಷೆ ಮಾಡಿ ಪಾಸಾದದ್ದು ಅಂತ ಅರ್ಥ. ಬರೀ ಮಂಜುಗಡ್ಡೆಯ ಮೇಲೆ ಮಾತ್ರ ಎರಡನ್ನೂ ನಂಬಬೇಡಿ.

ಸೈಜ್ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಲೆಕ್ಕ ನೋಡಿ. 265/65 ಆರ್ 17 ಟೈರಿನ ಎತ್ತರ ಸುಮಾರು 776 ಮಿ.ಮೀ., 265/70 ಆರ್ 17 ಆದರೆ ಸುಮಾರು 803. ಎತ್ತರ 27 ಮಿ.ಮೀ. ಜಾಸ್ತಿ ಆಯಿತು, ಆದರೆ ಗಾಡಿಯ ಹೊಟ್ಟೆ ಮೇಲೇಳುವುದು ಅದರ ಅರ್ಧ, 13 ಮಿ.ಮೀ. ಸ್ಪೀಡೋಮೀಟರ್ 100 ತೋರಿಸುವಾಗ ಚಕ್ರ ಮೊದಲಿಗಿಂತ ಶೇ. 3.4 ಜಾಸ್ತಿ ದೂರ ಓಡುತ್ತಿರುತ್ತದೆ. ಹೆಚ್ಚಿನ ಗಾಡಿಗಳ ಸ್ಪೀಡೋಮೀಟರ್ ಮೊದಲೇ ಸ್ವಲ್ಪ ಜಾಸ್ತಿ ತೋರಿಸುವುದರಿಂದ ಇದು ತಡೆದುಕೊಳ್ಳುವಂಥದ್ದೇ. ಅದಕ್ಕಿಂತ ದೊಡ್ಡದಕ್ಕೆ ಹೋದರೆ ಗೇರ್ ಉದ್ದ ಆದ ಹಾಗೆ ಆಗುತ್ತದೆ, ಲೋ ರೇಂಜ್‌ನಲ್ಲಿ (ಫೋರ್ ವೀಲ್ ಗಾಡಿಯ ನಿಧಾನ ಗೇರ್‌ನಲ್ಲಿ) ತೆವಳುವ ವೇಗ ಏರುತ್ತದೆ, ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಶಕ್ತಿ ಕಮ್ಮಿಯಾಗುತ್ತದೆ. ಇಷ್ಟಕ್ಕೂ ಎತ್ತರ ಬೇಕಾಗಿರುವುದು ಯಾಕೆ? ಸೈಡ್‌ವಾಲ್ ಜಾಸ್ತಿ ಸಿಗಲಿ ಅಂತಾದರೆ ಬ್ರೇಕ್ ಕ್ಯಾಲಿಪರ್‌ಗೆ ತಾಗದ ಹಾಗೆ ಒಂದು ಇಂಚು ಚಿಕ್ಕ ಡಿಸ್ಕ್ ಹಾಕಿ, ಒಟ್ಟು ಎತ್ತರ ಮೊದಲಿನಷ್ಟೇ ಇಡುವುದು ನನಗೆ ಹೆಚ್ಚು ಇಷ್ಟವಾದ ದಾರಿ. ಡಿಸ್ಕ್ ಸುತ್ತ ರಬ್ಬರ್ ಜಾಸ್ತಿ ಇದ್ದಷ್ಟೂ ಕಲ್ಲಿನ ಮೇಲೆ ಡಿಸ್ಕ್ ಪೆಟ್ಟು ತಿನ್ನುವುದು ಕಮ್ಮಿ, ಗಾಳಿ ಇಳಿಸಲು ಜಾಗವೂ ಜಾಸ್ತಿ.

ಗಾಳಿ ಇಳಿಸುವುದು ಅಂದೆನಲ್ಲ, ಒಳ್ಳೆ ಟೈರ್ ಹಾಕಿಸಿ ಇದನ್ನು ಮಾಡದಿದ್ದರೆ ಆ ಟೈರಿನ ಅರ್ಧ ಗುಣ ಸುಮ್ನೆ ವ್ಯರ್ಥ. ರಸ್ತೆಯ ಗಾಳಿಯಲ್ಲೇ ಮರಳಿಗೆ ಇಳಿದ ಎ.ಟಿ.ಗಿಂತ ಗಾಳಿ ಇಳಿಸಿದ ಹೈವೇ ಟೈರ್ ಎಷ್ಟೋ ಚೆನ್ನಾಗಿ ಹೋಗುತ್ತದೆ. ಗಾಳಿ ಕಮ್ಮಿ ಮಾಡಿದಾಗ ಟೈರ್ ಅಗಲ ಆಗುತ್ತದೆ ಅಂತ ಜನ ಹೇಳುತ್ತಾರೆ, ಆಗುವುದು ಸ್ವಲ್ಪವೇ, ಜಾಸ್ತಿ ಆಗುವುದು ಉದ್ದ. ನೆಲಕ್ಕೆ ತಾಗುವ ಪಟ್ಟಿ ಮುಂದಕ್ಕೂ ಹಿಂದಕ್ಕೂ ಚಾಚಿಕೊಳ್ಳುತ್ತದೆ. ಜಲ್ಲಿಗೆ 26-28 ಪಿಎಸ್‌ಐ, ಮೆತ್ತನೆ ಮರಳಿಗೆ 15-18 ಅಂತ ಶುರುಮಾಡಬಹುದು, ಭಾರ ಇದ್ದರೆ ಸ್ವಲ್ಪ ಮೇಲೆ. 15ಕ್ಕಿಂತ ಕೆಳಗೆ ಇಳಿಸಿ ಜೋರಾಗಿ ತಿರುಗಿಸಿದರೆ ಟೈರಿನ ಅಂಚು ಡಿಸ್ಕ್ ಬಿಟ್ಟು ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಲೇಬೇಕು, ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಬೇಕು. ಟೈರ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಒಳ್ಳೆಯ ಕಂಪ್ರೆಸರ್‌ಗೂ ಗೇಜ್‌ಗೂ ಎತ್ತಿಡಿ.

ಎರಡೇ ಹಾಕಿಸಿ ಆಮೇಲೆ ಇನ್ನೆರಡು ಅನ್ನುವ ಯೋಚನೆ ಫೋರ್ ವೀಲ್ ಡ್ರೈವ್ ಗಾಡಿಗೆ ಬೇಡವೇ ಬೇಡ. ಎತ್ತರ ಬೇರೆಯಾದರೆ ಮುಂದಿನ ಚಕ್ರ, ಹಿಂದಿನ ಚಕ್ರ ಒಂದು ಕಿ.ಮೀ.ಗೆ ಸುತ್ತುವ ಸುತ್ತು ಬೇರೆಯಾಗುತ್ತದೆ. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ, ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಸೇರಿಕೊಂಡಿರುತ್ತವೆ, ಆ ವ್ಯತ್ಯಾಸಕ್ಕೆ ಹೋಗಲು ಜಾಗವಿಲ್ಲದೆ ಗೇರ್ ಮೇಲೆ, ಶಾಫ್ಟ್ ಮೇಲೆ ತಿರುಚು ಕೂರುತ್ತದೆ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಬಿಡುವಿಲ್ಲದೆ ಕೆಲಸ ಮಾಡಿ ಬಿಸಿಯಾಗುತ್ತದೆ. ಸ್ಟೆಪ್ನಿಯೂ ಅದೇ ಸೈಜ್ ಆಗಿರಲಿ. ಐದು ತಗೊಂಡು ಐದನ್ನೂ ಸರದಿ ಮೇಲೆ ಬದಲಾಯಿಸುತ್ತಾ ಬನ್ನಿ, 8000 ದಿಂದ 10,000 ಕಿ.ಮೀ.ಗೆ ಒಮ್ಮೆ. ಸವೆತ ಒಂದೇ ಸಮ ಇರುತ್ತದೆ, ಸದ್ದೂ ಕಮ್ಮಿ ಇರುತ್ತದೆ. ಎ.ಟಿ. ಟೈರ್ ದಿನ ಹೋದಂತೆ ಗುಂಯ್ ಅನ್ನಲು ದೊಡ್ಡ ಕಾರಣ ಬಟನ್‌ಗಳು ಏರುತಗ್ಗಾಗಿ ಸವೆಯುವುದು.

ಹಾಕಿಸುವ ದಿನ ನೋಡಬೇಕಾದದ್ದು ಕೆಲವೇ. ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ, 2324 ಅಂದರೆ 2024ರ 23ನೇ ವಾರ. ಓಡದೆ ಇದ್ದರೂ ರಬ್ಬರ್ ಹಳತಾಗುತ್ತದೆ, ಹಾಗಾಗಿ ಐದೂ ಟೈರಿನದು ಓದಿ. ಅಲೈನ್‌ಮೆಂಟ್ ಮಾಡಿಸಿ. ಆಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದೆ ಒಮ್ಮೆ ಹಿಂದೆ ಒಮ್ಮೆ ಗಾಡಿ ಓಡಿಸಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತಿದೆಯಾ ನೋಡಿ. ಸಮತಟ್ಟು ನೆಲದಲ್ಲಿ ತಾಗದ್ದು ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಮೇಲೆದ್ದಾಗ ತಾಗಬಹುದು, ಅದನ್ನೂ ಒಂದು ಏರುತಗ್ಗಿನಲ್ಲಿ ನಿಲ್ಲಿಸಿ ಪರೀಕ್ಷಿಸಿ. 50 ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್ ಹಾಕಿ ಮತ್ತೊಮ್ಮೆ ಬಿಗಿ ಮಾಡಿಸಿ.