ನರಕ್ಕೆ ಇಂಜೆಕ್ಷನ್ ಕೊಟ್ಟರೆ ಕರುಳಿನ ಹುಣ್ಣು ಮಾಯುತ್ತಾ?

"ಅಕ್ಕಾ, ಕುತ್ತಿಗೆ ನರಕ್ಕೆ ಒಂದು ಇಂಜೆಕ್ಷನ್ ಕೊಟ್ರೆ ಕೊಲೈಟಿಸ್ ವಾಸಿಯಾಗುತ್ತಂತೆ, ಹೌದಾ? ಮಾತ್ರೆ ಬಿಡಬಹುದಾ?"

ನನಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ, ಇರುವುದು ಗೊತ್ತಿದ್ದವರೆಲ್ಲ ಇದನ್ನೇ ಕೇಳುತ್ತಾರೆ. ದಾವಣಗೆರೆಯ ಆಸ್ಪತ್ರೆಗಳಿಗೆ ಜಗಳೂರು, ಹರಿಹರದ ಕಡೆಯಿಂದ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಮಾತ್ರೆ ಬಿಡಬೇಡಿ.

ಇಂಜೆಕ್ಷನ್ ಸುಳ್ಳೇನಲ್ಲ. ನರ್ವ್ ಬ್ಲಾಕ್ ಅಂತಾರೆ. ನರದ ಪಕ್ಕದಲ್ಲಿ ಮರಗಟ್ಟಿಸುವ ಔಷಧಿ ಬಿಟ್ಟರೆ ಸ್ವಲ್ಪ ಕಾಲ ಆ ನರ ಸುಮ್ಮನಾಗುತ್ತದೆ. ಹೊಟ್ಟೆಯ ಹಿಂಭಾಗದಲ್ಲಿರುವ ಸೀಲಿಯಾಕ್ ನರಗಳ ಗುಂಪಿಗೆ ಇಂಜೆಕ್ಷನ್ ಕೊಟ್ಟು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ನೋವು ತಗ್ಗಿಸುತ್ತಾರೆ. ದೊಡ್ಡ ಉಪಕಾರ ಅದು. ಆದರೆ ಅದರ ಅಡ್ಡ ಪರಿಣಾಮ ಏನು ಗೊತ್ತಾ? ಭೇದಿ, ಜೊತೆಗೆ ಬಿಪಿ ಇಳಿಯುವುದು. ಕರುಳಿನ ಓಟಕ್ಕೆ ಕಡಿವಾಣ ಹಾಕುವ ನರಗಳೇ ಸುಮ್ಮನಾದರೆ ಇನ್ನೇನಾಗುತ್ತೆ? ದಿನಕ್ಕೆ ಎಂಟು ಸಲ ಓಡುವ ನಮಗೆ ಅದು ಬೇಕಾ? ಅದೂ ಅಲ್ಲದೆ ಅಲ್ಸರೇಟಿವ್ ಕೊಲೈಟಿಸ್ ಶುರುವಾಗುವುದು ಗುದನಾಳದಲ್ಲಿ. ಆ ಭಾಗಕ್ಕೆ ಹೋಗುವ ನರಗಳೇ ಬೇರೆ.

ಕುತ್ತಿಗೆಯ ಇಂಜೆಕ್ಷನ್ ಸ್ಟೆಲೇಟ್ ಗ್ಯಾಂಗ್ಲಿಯಾನ್ ಅನ್ನುವ ನರಗಂಟಿಗೆ ಕೊಡುವುದು. ಕೊಟ್ಟ ಮೇಲೆ ಆ ಕಡೆಯ ರೆಪ್ಪೆ ಜೋತು ಬೀಳುತ್ತದೆ, ಕಣ್ಣು ಕೆಂಪಾಗುತ್ತದೆ, ಧ್ವನಿ ಒಡೆಯಬಹುದು. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ. 2017ರಲ್ಲಿ ಚೀನಾದ ವೈದ್ಯರು ಕೊಲೈಟಿಸ್ ಇರುವವರಿಗೆ ಇದನ್ನು ಕೊಟ್ಟು ನೋಡಿ, ಒಳ್ಳೆಯದಾಯಿತು ಎಂದು ಬರೆದಿದ್ದಾರೆ. ನರಕ್ಕೂ ಕರುಳಿಗೂ ನಂಟಿರುವುದು ನಿಜ, ಹಾಗಾಗಿ ಹುಡುಕಾಟ ನಡೆಯಲಿ. ನಾನು ಖುಷಿಯಿಂದಲೇ ಕಾಯುತ್ತೇನೆ. ಆದರೆ ಒಂದು ಸಣ್ಣ ಅಧ್ಯಯನ ನಂಬಿ ಮೆಸಲಮೈನ್ ಮಾತ್ರೆ ಕಸದ ಬುಟ್ಟಿಗೆ ಹಾಕಲಾರೆ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ನೋವು ಹೋದರೆ ರೋಗ ಹೋಯಿತು ಅಂದುಕೊಳ್ಳುತ್ತೇವಲ್ಲ, ಅಲ್ಲಿ. ಹೊಟ್ಟೆ ತಣ್ಣಗಿದ್ದು, ಮಲದ ಕ್ಯಾಲ್‌ಪ್ರೊಟೆಕ್ಟಿನ್ ರಿಪೋರ್ಟ್ ಮಾತ್ರ ಜಾಸ್ತಿ ಬಂದಿರುವುದುಂಟು. ಒಳಗೆ ಉರಿಯೂತ ನಡೆದೇ ಇರುತ್ತದೆ ಅಂತ ಅರ್ಥ. ವರ್ಷಗಟ್ಟಲೆ ಹಾಗೇ ಬಿಟ್ಟರೆ ದೊಡ್ಡ ಕರುಳಿನ ಕ್ಯಾನ್ಸರ್ ಭಯ ಹೆಚ್ಚುತ್ತದೆ. ಅದಕ್ಕೇ ರೋಗ ಶುರುವಾಗಿ ಸುಮಾರು 8 ವರ್ಷವಾದ ಮೇಲೆ, ಆರಾಮಾಗಿದ್ದರೂ ಕೊಲೊನೋಸ್ಕೋಪಿ ಮಾಡಿಸುತ್ತಾ ಇರಿ ಅನ್ನುವುದು. ಮೆಸಲಮೈನ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಕೆಲಸ ಮಾಡುವುದು ಆ ಉರಿಯೂತದ ಮೇಲೆ. ಇನ್‌ಫ್ಲಿಕ್ಸಿಮ್ಯಾಬ್ ದುಬಾರಿ, ಮನೆ ಖರ್ಚೇ ಅಲ್ಲಾಡುತ್ತದೆ. ಒಂದೇ ಇಂಜೆಕ್ಷನ್ನಿನ ಆಸೆ ಹುಟ್ಟುವುದೂ ಅಲ್ಲೇ. ಆ ಕಷ್ಟ ನನಗೆ ಚೆನ್ನಾಗಿ ಗೊತ್ತು.

ನೋವು ತಡೆಯಲಾಗದೆ ಬ್ಲಾಕ್ ಮಾಡಿಸುವುದಾದರೆ ಮೊದಲು ನಿಮ್ಮ ಹೊಟ್ಟೆ ಡಾಕ್ಟರಿಗೆ ಹೇಳಿ. ರಕ್ತ ತೆಳ್ಳಗಾಗುವ ಮಾತ್ರೆ ತಗೊಳ್ತಿದ್ದರೆ ಅದನ್ನೂ ತಿಳಿಸಿ. ಸ್ಟೀರಾಯ್ಡ್ ನಡೀತಿದ್ದರೆ ನೀವೇ ದಿಢೀರನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ. ಹೊಟ್ಟೆ ಉಬ್ಬಿ ಗಟ್ಟಿಯಾಗಿ, ಜ್ವರ ಬಂದು, ರಕ್ತ ಜಾಸ್ತಿ ಹೋಗುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ.