ಬಳ್ಳಾರಿ ಬಿಸಿಲಲ್ಲಿ ಟಿನ್‌ಟೈಪ್

ಟಿನ್‌ಟೈಪ್ ಅಂದರೆ ತಗಡಿನ ಮೇಲೇ ಫೋಟೊ ಮೂಡಿಸುವ ಹಳೇ ವಿಧಾನ. ಅದಕ್ಕೆ ಸುರಿಯುವ ಅಂಟುದ್ರವ ಕೊಲೋಡಿಯನ್, ಅದರಲ್ಲಿರುವ ಈಥರ್ ಕುದಿಯುವುದೇ ಸುಮಾರು 35 ಡಿಗ್ರಿಗೆ. ನಮ್ಮ ಬಳ್ಳಾರಿಯ ಏಪ್ರಿಲ್ 40 ದಾಟೋದು ಮಾಮೂಲು! ಹಾಗಾಗಿ ನನ್ನ ಟಿನ್‌ಟೈಪ್ ಕೆಲಸವೆಲ್ಲ ಡಿಸೆಂಬರ್, ಜನವರಿಯ ಬೆಳಗಿನಲ್ಲಿ. ಕಪ್ಪು ಲೇಪದ ತಗಡಿಗೆ ಕೊಲೋಡಿಯನ್ ಸುರಿದು ನಾಲ್ಕೂ ಮೂಲೆಗೆ ಹರಿಸಿ, ಸಿಲ್ವರ್ ನೈಟ್ರೇಟಿನಲ್ಲಿ ಮೂರ್ನಾಲ್ಕು ನಿಮಿಷ ಅದ್ದಬೇಕು. ಒದ್ದೆ ಆರುವ ಮುಂಚೆ ಫೋಟೊ ತೆಗೆದು, ಫೆರಸ್ ಸಲ್ಫೇಟಿನಿಂದ ಡೆವಲಪ್ ಮಾಡಿ ಮುಗಿಸಬೇಕು.

ಈ ಕೊಲೋಡಿಯನ್ ಲೇಪಕ್ಕೆ ನೀಲಿ, ಅತಿನೇರಳೆ ಬೆಳಕಷ್ಟೇ ಕಾಣೋದು, ಕೆಂಪಿಗೆ ಕುರುಡು. ಸಂಡೂರಿನ ಅದಿರು ಲಾರಿ ಡ್ರೈವರ್ ಒಬ್ಬರನ್ನು ಕೂರಿಸಿದೆ. ಕೆಂದೂಳು ಮೆತ್ತಿದ ಅಂಗಿ ಕಪ್ಪಾಗಿ ಬಂತು. (ತಗಡೂ ಕಬ್ಬಿಣದ್ದೇ, ಅದಿರು ಯಾವ ಗಣಿಯದೋ.)

"ಕಿಸೆ ಬಲಕ್ಕ್ಯಾಕ ಹೋತ್ರೀ?" ಅಂದರು ಫೋಟೊ ನೋಡಿ.

"ಕನ್ನಡಿಯಾಗ ದಿನಾ ನೋಡ್ತೀರಲ್ಲ, ಹಂಗ" ಅಂದೆ.

ಕೊನೆಗೆ ಸ್ಯಾಂಡರಾಕ್ ಗೋಂದು, ಲ್ಯಾವೆಂಡರ್ ಎಣ್ಣೆಯ ವಾರ್ನಿಷ್. ದುಬಾರಿ, ಆದರೂ ಬಿಡಲ್ಲ.